ಗ್ಯಾಸ್, ನಿಂತಿದೆ

ಬೇರಿಕೆ ರಸ್ತೆಯ ಗುಲಾಬಿ ಹೂವಿನ ಶೀತಲಗೃಹದಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದವಳು ರಾಧಾಮಣಿ. ಕ್ಯಾಮರಾ, ಆಫೀಸು, ಗ್ಯಾಸ್ ಎಂದು ಆ ಜಾಲಕ್ಕೆ ಮೂರು ಭಾಗ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿದರೆ ಯಾವ ಭಾಗವನ್ನಾದರೂ ನಿಲ್ಲಿಸಬಹುದು, ಮತ್ತೆ ಎಬ್ಬಿಸಬಹುದು.

ಆ ಬೆಳಗ್ಗೆ ಒಂದು ಕ್ಯಾಮರಾ ಸತಾಯಿಸುತ್ತಿತ್ತು. ಜಾಲದ ಸ್ಥಿತಿ ತೋರಿಸುವ ಕಮಾಂಡ್ ಕೊಟ್ಟಳು. ಕ್ಯಾಮರಾ, ನಡೆಯುತ್ತಿದೆ. ಆಫೀಸು, ನಡೆಯುತ್ತಿದೆ. ಕೊನೆಯ ಸಾಲು ನೋಡಿ ಅವಳ ಕೈ ಕೀಬೋರ್ಡಿನ ಮೇಲೇ ಉಳಿಯಿತು. ಗ್ಯಾಸ್, ನಿಂತಿದೆ.

ತಂಪು ಮಾಡುವ ಅಮೋನಿಯಾ ಪೈಪಿನಿಂದ ಸೋರಿದರೆ ಸೈರನ್ ಕೂಗಿಸುವುದು ಆ ಭಾಗವೇ. ಒಳಗೆ ಹೂವಿನ ಕಟ್ಟು ಹಾಕುತ್ತಿದ್ದ ಹೆಂಗಸರಲ್ಲಿ ಅವಳ ಚಿಕ್ಕಮ್ಮ ಗಂಗರತ್ನಮ್ಮನೂ ಇದ್ದಳು.

ರಾಧಾಮಣಿ ಗ್ಯಾಸ್ ಭಾಗವನ್ನು ಎಬ್ಬಿಸಿದಳು. ಸೆನ್ಸರಿನ ಅಳತೆ ಏರುತ್ತಲೇ ಇತ್ತು. ಸೈರನ್ ಒಮ್ಮೆ ಮುಲುಗಿ, ತಟಕ್ಕನೆ ಅಡಗಿತು. ಮತ್ತೆ, ನಿಂತಿದೆ. ಅವಳು ಏನನ್ನೂ ಮುಟ್ಟಿರಲಿಲ್ಲ.

ಜಾಲದೊಳಗೆ ಯಾರಿದ್ದಾರೆಂದು ನೋಡಿದಳು. ಇನ್ನೊಂದು ಹೆಸರು ಮ್ಯಾನೇಜರ್ ಲಕ್ಷ್ಮೀಪತಿಯದು. ತಲೆಯೆತ್ತಿದರೆ ಮಹಡಿಯ ಗಾಜಿನ ಕೋಣೆಯಿಂದ ಆತ ಅವಳನ್ನೇ ದಿಟ್ಟಿಸುತ್ತಿದ್ದ. ಆತನ ಫೋನ್ ಬಂತು.

“ಅದನ್ನ ಮುಟ್ಬೇಡಮ್ಮ. ದುಬೈ ಲೋಡು ಮಧ್ಯಾಹ್ನ ಹೊರಡ್ಬೇಕು. ಸೈರನ್ ಹೊಡುದ್ರೆ ಎಲ್ಲಾ ಕೆಲ್ಸ ಬುಟ್ಟು ಆಚೆಗೆ ಓಡ್ತಾರೆ.”

“ಸಾರ್, ಗ್ಯಾಸ್ ಸೋರ್ತಾ ಐತೆ! ಒಳಗೆ ಜನ ಅವ್ರೆ!”

“ವಾಲ್ವ್ ನೋಡಕ್ಕೆ ಸಾಯಂಕಾಲ ಆಳು ಬತ್ತಾನೆ. ಪರವಾಯಿಲ್ಲೆ, ವಿಡು.” ಪರವಾಗಿಲ್ಲ ಬಿಡು ಎಂಬ ಆ ಕೊನೆಯ ಮಾತನ್ನು ತಮಿಳಿನಲ್ಲಿ, ಮಗುವನ್ನು ಸಮಾಧಾನ ಮಾಡುವವನಂತೆ ಮೆಲ್ಲಗೆ ಹೇಳಿದ.

ಅವಳು ಎಬ್ಬಿಸಿದಳು. ಆತ ನಿಲ್ಲಿಸಿದ. ಮತ್ತೆ ಎಬ್ಬಿಸಿದಳು, ಮತ್ತೆ ನಿಲ್ಲಿಸಿದ.

ಆತನ ಕಂಪ್ಯೂಟರ್ ಇದ್ದದ್ದು ಆಫೀಸಿನ ಭಾಗದಲ್ಲಿ. ಅದನ್ನು ಬೀಳಿಸಿದರೆ ತನ್ನ ಕೆಲಸ ಉಳಿಯುವುದಿಲ್ಲವೆಂದು ರಾಧಾಮಣಿಗೆ ಗೊತ್ತಿತ್ತು. ಅವಸರದಲ್ಲಿ ಒಂದಕ್ಷರ ತಪ್ಪಿತು. ಪರದೆ ಕಮಾಂಡನ್ನು ಒಪ್ಪಲಿಲ್ಲ. ಅಳಿಸಿ, ಮತ್ತೆ ಬರೆದು ಒತ್ತಿದಳು. ಆಫೀಸು ನಿಂತಿತು, ಲಕ್ಷ್ಮೀಪತಿಯ ಹೆಸರು ಮಾಯವಾಯಿತು. ಗ್ಯಾಸ್ ಭಾಗವನ್ನು ಎಬ್ಬಿಸಿದಾಗ ಸೈರನ್ ಈ ಸಲ ಅಡಗಲಿಲ್ಲ.

ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತ ಆಚೆಗೆ ಓಡಿಬಂದರು. ಪೈಪಿನ ಪಕ್ಕದಲ್ಲೇ ಪೆಟ್ಟಿಗೆ ಜೋಡಿಸುತ್ತಿದ್ದ ಪಾಪಯ್ಯನನ್ನು ಮಾತ್ರ ಹೊತ್ತು ತರಬೇಕಾಯಿತು. ಹೊಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಗ್ಯಾಸಿಗೆ ಸುಟ್ಟ ಗಂಟಲಿನಿಂದ ಮಾತು ಹೊರಡಲಿಲ್ಲ.

ಜಾಲವನ್ನು ಹಾಳುಮಾಡಿದಳೆಂದು ರಾಧಾಮಣಿಯನ್ನು ಕೆಲಸದಿಂದ ತೆಗೆದರು. ಆ ವಾರವೇ ಶೀತಲಗೃಹ ಮತ್ತೆ ತೆರೆಯಿತು. ತನ್ನ ಜಾಗಕ್ಕೆ ಬಂದಿದ್ದ ಸಿಂಧುವಿಗೆ ಅವಳು ಫೋನ್ ಮಾಡಿದಳು.

“ವಾಲ್ವ್ ಬದ್ಲಾಯ್ಸಿದ್ರಾ?”

“ಇಲ್ಲಕ್ಕಾ. ಪೈಪಿಗೆ ಬಣ್ಣ ಹೊಡ್ದವ್ರೆ.” ಸಿಂಧುವಿನ ದನಿ ತಗ್ಗಿತು. “ಗ್ಯಾಸ್ ಭಾಗ ನಿಲ್ಸವ್ರೆ, ಅದ್ರ ಪಾಸ್‌ವರ್ಡು ನಂಗೆ ಕೊಟ್ಟೇ ಇಲ್ಲ.”

ಮರುದಿನ ಬೆಳಗ್ಗೆ ಗುಮ್ಮಳಾಪುರದಲ್ಲಿ ಕೆಲಸದವರ ವ್ಯಾನ್ ನಿಂತಾಗ ರಾಧಾಮಣಿ ಅದರ ಬಾಗಿಲಿಗೆ ಅಡ್ಡ ನಿಂತಳು.

“ಹೋಗ್ಬೇಡ್ರಮ್ಮಾ. ಅದೇ ಪೈಪು ಕಣ್ರಮ್ಮಾ. ಈ ಸಲ ಸೈರನ್ ಕೂಗಾಕಿಲ್ಲ.”

ಗಂಗರತ್ನಮ್ಮ ಬುತ್ತಿ ಡಬ್ಬಿಯನ್ನು ಎದೆಗವಚಿಕೊಂಡು ಕೆಳಗಿಳಿದಳು. ಉಳಿದವರು ಅವಳು ಬಿಟ್ಟ ಜಾಗಕ್ಕೆ ಸರಿದು ಕೂತರು. ಡ್ರೈವರ್ ಗೇರ್ ಹಾಕಿದ.