ಮಗ್ಗದ ಶೆಡ್ಡಿನ ಗಿಣಿ

ಇನ್ನೂರು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಕೂಗಿ ಪ್ರಯೋಜನವಿಲ್ಲ. ಹೊಸದಾಗಿ ಸೇರಿದವರು ಒಂದೆರಡು ವಾರ ಕೂಗಿ ನೋಡುತ್ತಾರೆ, ಗಂಟಲು ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ತಾವಾಗಿಯೇ ದನಿ ಬಿಡುತ್ತಾರೆ. ಮಾತು ಬಿಡುವುದಿಲ್ಲ. ತುಟಿಯನ್ನು ತುಸು ಅಗಲಿಸಿ, ಒಂದೊಂದು ಅಕ್ಷರವನ್ನೂ ಬಾಯಲ್ಲೇ ಬಿಡಿಸಿಟ್ಟರೆ ಐದು ಸಾಲು ಆಚೆ ನಿಂತವಳಿಗೂ ಅರ್ಥವಾಗುತ್ತದೆ. ಮನೆಯ ಜಗಳ, ಮದುವೆಯ ಮಾತು, ಮೇಸ್ತ್ರಿಯ ಬೋಳುತಲೆಯ ಮೇಲಿನ ಹೊಸ ಜೋಕು, ಎಲ್ಲವೂ ಅಲ್ಲಿ ಹೀಗೇ ನಡೆಯುತ್ತಿದ್ದವು. ಗುಟ್ಟು ಹೇಳುವಾಗ ಮಾತ್ರ ಬಾಯಿಯ ಪಕ್ಕಕ್ಕೆ ಕೈ ಅಡ್ಡ ಹಿಡಿಯಬೇಕಿತ್ತು.

ಅವಳು ಹದಿನೆಂಟಕ್ಕೆ ಶೆಡ್ಡು ಸೇರಿದವಳು. ಕೈ ನೂಲಿನ ಮೇಲಿದ್ದರೂ ಕಣ್ಣು ಲಾಳಿಯ ಮೇಲಿದ್ದರೂ ಅವಳ ತುಟಿ ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಅದಕ್ಕೇ ಗಿಣಿ ಎಂದು ಹೆಸರು ಬಿತ್ತು. ಹದಿನಾಲ್ಕು ವರ್ಷದಲ್ಲಿ ಆ ಗಿಣಿಯ ದನಿ ಹೇಗಿದೆ ಎಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಬಿಡುವ ಸುದ್ದಿಯನ್ನು ಅವಳು ಪಕ್ಕದ ಮಗ್ಗದ ಉದ್ದಕ್ಕನಿಗೆ ಮಾತ್ರ ಹೇಳಬೇಕೆಂದಿದ್ದಳು. ಕೈ ಅಡ್ಡ ಹಿಡಿಯಲು ಮರೆತಳು. ಎರಡು ನಿಮಿಷದಲ್ಲಿ ಇಡೀ ಶೆಡ್ಡು ಅವಳತ್ತ ತಿರುಗಿತ್ತು.

"ಮೂವತ್ತೆರಡಕ್ಕೆ ಕಾಲೇಜಾ?" ಎಂದಿತು ಉದ್ದಕ್ಕನ ತುಟಿ.

"ಯೂನಿವರ್ಸಿಟಿ ಅಕ್ಕ. ಕಿವಿ ಪರೀಕ್ಷೆ ಮಾಡೋರ ಕೋರ್ಸು. ನಾಲ್ಕು ವರ್ಷ."

"ನಾಲ್ಕು ವರ್ಷಕ್ಕೆ ನನ್ನ ಕಿವಿಲಿ ಪರೀಕ್ಷೆ ಮಾಡೋಕೆ ಏನೂ ಉಳಿದಿರಲ್ಲ ಬಿಡೇ."

ಸಂಜೆ ಮೇಸ್ತ್ರಿ ಗಾಜಿನ ಕೋಣೆಗೆ ಕರೆದ. ಅವನೂ ಶೆಡ್ಡಿನಲ್ಲೇ ಕೂದಲು ಉದುರಿಸಿಕೊಂಡವನು. ಅವಳು ಬರೀ ತುಟಿಯಲ್ಲಿ ಹೇಳಿದ್ದನ್ನೆಲ್ಲ ಓದಿಕೊಂಡು, ತನ್ನ ಮಾತನ್ನು ಕೂಗಿ ಹೇಳಿದ: "ಮೊದಲ ಪರೀಕ್ಷೆ ಮುಗಿಯೋವರೆಗೆ ನಿನ್ನ ಎರಡು ಮಗ್ಗ ಯಾರಿಗೂ ಖಾಯಂ ಮಾಡಲ್ಲ. ಅಷ್ಟರಲ್ಲಿ ಪುಸ್ತಕದ ಹುಚ್ಚು ಬಿಟ್ರೆ ವಾಪಸ್ ಬಾ. ಆಮೇಲೆ ಬಂದು ಬಾಗಿಲಲ್ಲಿ ನಿಂತ್ಕೋಬೇಡ."

ಹುಚ್ಚು ಹಿಡಿದದ್ದು ಪುಸ್ತಕದಿಂದಲ್ಲ. ಅವಳ ಗಂಡ ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಗೋದಾಮಿನ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಬಂದು ಅವನ ಮೇಲೆ ಹಾಯಿತು. ಪೀಪಿ ಬಡಿದುಕೊಳ್ಳುತ್ತಲೇ ಇತ್ತು ಎಂದು ಚಾಲಕ ಹೇಳಿದ. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅದಾಗಿ ಮೂರು ವರ್ಷಕ್ಕೆ ಕಿವಿ ಪರೀಕ್ಷೆಯ ವ್ಯಾನೊಂದು ಗಿರಣಿಯ ಮುಂದೆ ಬಂದು ನಿಂತಿತು. ಸಾಲಿನಲ್ಲಿ ನಿಂತು ಒಬ್ಬೊಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡರು. ದನಿ ಕೇಳಿದಾಗ ಕೈ ಎತ್ತಬೇಕು. ಉದ್ದಕ್ಕ ಕೈ ಎತ್ತದೆ ಎಷ್ಟೋ ಹೊತ್ತು ಕೂತಿದ್ದಳು, ಇನ್ನೂ ಶುರುವಾಗಿಲ್ಲ ಎಂದುಕೊಂಡು. ಗಿಣಿ ತನ್ನ ಸರದಿ ಮುಗಿಸಿ ಆ ವ್ಯಾನಿನ ಹುಡುಗಿಯನ್ನು ಒಂದೇ ಮಾತು ಕೇಳಿದಳು, "ಇದನ್ನ ಎಲ್ಲಿ ಕಲಿಸ್ತಾರೆ?"

ಯೂನಿವರ್ಸಿಟಿಯ ಕ್ಲಾಸಿನಲ್ಲಿ ಅವಳಿಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವರು. ಆಂಟಿ ಎಂದು ಕರೆದು ಮುಂದಿನ ಬೆಂಚು ಬಿಟ್ಟುಕೊಟ್ಟರು. ಮೊದಲ ವಾರವೇ ಆಚೆ ಮೂಲೆಯಲ್ಲಿ ಇಬ್ಬರು ಹುಡುಗಿಯರು ಪಿಸುಗುಟ್ಟುವುದನ್ನು ಅವಳು ಕಣ್ಣಿನಿಂದಲೇ ಓದಿದಳು. "ಆಂಟಿ ಒಂದು ತಿಂಗಳು ಇರ್ತಾರೆ, ಹೆಚ್ಚಂದ್ರೆ." ನಾಲ್ಕು ವರ್ಷ ಎಂಬಂತೆ ಅವಳು ಅವರತ್ತ ನಾಲ್ಕು ಬೆರಳು ಎತ್ತಿ ತೋರಿಸಿದಳು. ಹುಡುಗಿಯರು ಬೆಚ್ಚಿಬಿದ್ದರು. ಅಲ್ಲಿಂದ ಮುಂದೆ ಅವಳ ಎದುರು ಯಾರೂ ಪಿಸುಗುಟ್ಟಲಿಲ್ಲ, ಹತ್ತಿರ ಬಂದು ಕೂರಲೂ ಇಲ್ಲ.

ಮೇಡಂ ಬೋರ್ಡಿಗೆ ತಿರುಗಿ ಪಾಠ ಹೇಳಿದಾಗ ಮಾತ್ರ ಅವಳಿಗೆ ಅರ್ಧ ಮಾತು ತಪ್ಪುತ್ತಿತ್ತು. ಕಿವಿ ಅವಳದ್ದೂ ಸ್ವಲ್ಪ ಸವೆದಿತ್ತು. ಅದನ್ನು ಪುಸ್ತಕದಲ್ಲಿ ಹುಡುಕಿ ತುಂಬಿಕೊಂಡಳು. ಬರೆಯುವ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಬಂದವು. ಉಳಿದದ್ದು ಮೌಖಿಕ ಒಂದೇ.

ಮೌಖಿಕ ನಡೆದದ್ದು ಶ್ರವಣ ಪರೀಕ್ಷೆಯ ಒಳಕೋಣೆಯಲ್ಲಿ. ಕಿಟಕಿಯಿಲ್ಲ. ಗೋಡೆಯ ಮೇಲೆ ಹಳೆಯ ಎ.ಸಿ. ಗಡಗಡ ಎನ್ನುತ್ತಿತ್ತು. ಬೇರೆ ಊರಿನಿಂದ ಬಂದ ಬಿಳಿ ಮೀಸೆಯ ಪರೀಕ್ಷಕರು ಕಾಗದದಲ್ಲಿ ತಲೆ ಹುದುಗಿಸಿ ಪ್ರಶ್ನೆ ಓದಿದರು. ಅವಳಿಗೆ ಎಲ್ಲವೂ ಬರುತ್ತಿತ್ತು. ಒಂದೊಂದಕ್ಕೂ ಬಿಡಿಸಿ ಬಿಡಿಸಿ ಉತ್ತರ ಹೇಳಿದಳು. ಅವರು ಆಗಾಗ ತಲೆ ಎತ್ತಿ ನೋಡಿ, "ಸರಿ, ಮುಂದಿನದು" ಎನ್ನುತ್ತಿದ್ದರು. ಹೊರಗೆ ಬಂದಾಗ ಅವಳಿಗೆ ಹಸಿವಾಗಿತ್ತು. ಎಷ್ಟೋ ದಿನದ ಮೇಲೆ ಚೆನ್ನಾಗಿ ಹಸಿವಾಗಿತ್ತು.

ಸೋಮವಾರ ಫಲಿತಾಂಶ ಅಂಟಿಸಿದರು. ಅವಳ ನಂಬರಿನ ಮುಂದೆ ಸೊನ್ನೆ. ಪಕ್ಕದಲ್ಲಿ, 'ಉತ್ತರಿಸಲಿಲ್ಲ.'

ಅವಳು ಮೇಡಂ ಕೋಣೆಗೆ ಹೋದಳು. "ನಾನು ಎಲ್ಲದಕ್ಕೂ ಹೇಳಿದೀನಿ ಮೇಡಂ."

"ಏನು ಹೇಳಿದ್ರಿ? ನಾನು ಬಾಗಿಲ ಹತ್ತಿರವೇ ಕೂತಿದ್ದೆ. ಹತ್ತು ನಿಮಿಷ ನಿಮ್ಮ ಬಾಯಿಂದ ಒಂದು ಶಬ್ದ ಹೊರಡಲಿಲ್ಲ."

"ತುಟಿ..."

"ತುಟಿ ಅಲ್ಲಾಡ್ತಿತ್ತು, ನೋಡಿದೆ. ದೇವರನ್ನ ನೆನೀತಿದ್ದೀರಿ ಅಂದ್ಕೊಂಡೆ. ಅವರೂ ಹಾಗೇ ಅಂದ್ಕೊಂಡ್ರು, ಪಾಪ, ಕಾದು ಕಾದು ಸಾಕಾಗಿ ಮುಂದಕ್ಕೆ ಹೋದ್ರು."

ಅವಳಿಗೆ ಆ ಎ.ಸಿ.ಯ ಸದ್ದು ನೆನಪಾಯಿತು. ಯಂತ್ರದ ಸದ್ದು ಕಿವಿಗೆ ಬಿದ್ದ ಕೂಡಲೇ ಗಂಟಲು ತಾನಾಗಿ ಬಾಗಿಲು ಹಾಕಿಕೊಂಡಿತ್ತು. ಹದಿನಾಲ್ಕು ವರ್ಷದ ಅಭ್ಯಾಸ. ಅವಳು ಅದನ್ನು ಮೇಡಂಗೆ ಹೇಳಿದಳು. ಮೇಡಂ ನಗಲು ಹೊರಟವರು ಅವಳ ಮುಖ ನೋಡಿ ನಿಲ್ಲಿಸಿದರು.

"ನಿಯಮ ಗೊತ್ತಲ್ಲ? ಮೌಖಿಕ ಹೋದರೆ ಮುಂದಿನ ಸೆಮಿಸ್ಟರ್ ಇಲ್ಲ, ಸೀಟು ಬೇರೆಯವರಿಗೆ. ಇನ್ನೊಂದು ಅವಕಾಶ ಕೊಡ್ತಾರಾ ಅಂತ ನಾನು ಕೇಳಿ ನೋಡ್ತೀನಿ." ಆಮೇಲೆ ಹೇಳಿದರು, "ಮುಂದಿನ ವರ್ಷದಿಂದ ನೀವೇ ರೋಗಿಯ ಮುಂದೆ ಪದಗಳನ್ನ ಓದಿ ಹೇಳಬೇಕು. ಅವರು ಕೇಳಿಸಿಕೊಂಡು ತಿರುಗಿ ಹೇಳ್ತಾರೆ. ಆ ಕೆಲಸಕ್ಕೆ ದನಿ ಬೇಕಲ್ಲಮ್ಮ."

ಮರುದಿನ ಬೆಳಿಗ್ಗೆ ಉತ್ತರ ಬಂತು. ಶುಕ್ರವಾರ ಹತ್ತು ಗಂಟೆಗೆ. ಅದೇ ಕೋಣೆ, ಅದೇ ಪರೀಕ್ಷಕರು, ಇದೊಂದೇ ಸಲ.

ಅದೇ ಸಂಜೆ ಬಸ್ ನಿಲ್ದಾಣದಲ್ಲಿ ಉದ್ದಕ್ಕ ಸಿಕ್ಕಳು. ರಸ್ತೆಯ ಆಚೆಯಿಂದಲೇ ತುಟಿಯಲ್ಲಿ ಸುದ್ದಿ ಕಳಿಸಿದಳು. "ಹೊಸ ಹುಡುಗಿ ಬಂದಿದ್ದಾಳೆ. ಶುಕ್ರವಾರ ಏಳರ ಸೈರನ್‌ಗೆ ಮುಂಚೆ ನೀನು ಗೇಟಲ್ಲಿದ್ರೆ ಮಗ್ಗ ನಿಂದು. ಇಲ್ಲದಿದ್ರೆ ಅವಳದ್ದು. ಮೇಸ್ತ್ರಿ ಹೇಳು ಅಂದ. ಬಂದ್ಬಿಡೇ. ನೀನಿಲ್ಲದೆ ಬಾಯಿ ತುಕ್ಕು ಹಿಡೀತಿದೆ."

ಮನೆಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಅಮ್ಮನೂ ಹಳೆಯ ನೇಕಾರಳು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು, ಕೊನೆಗೆ ಕಿವಿಯನ್ನು ಅಲ್ಲೇ ಬಿಟ್ಟು ಬಂದವಳು. ತಾನು ಮಾತಾಡುವಾಗ ಊರಿಗೇ ಕೇಳುವಂತೆ ಮಾತಾಡುತ್ತಿದ್ದಳು, ಮಗಳ ಮಾತನ್ನು ತುಟಿಯಿಂದ ಓದುತ್ತಿದ್ದಳು. ಪಕ್ಕದ ಮನೆಯ ದರ್ಜಿಗೆ ಗೋಡೆಯ ಆಚೆಯಿಂದ ಅಮ್ಮನ ಪಾಲಿನ ಮಾತು ಮಾತ್ರ ಕೇಳುತ್ತಿತ್ತು. ಆ ಮುದುಕಿ ದಿನವಿಡೀ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ.

ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಬಟಾಣಿ ಉರುಳಿಹೋಗುವಷ್ಟು ನಕ್ಕಳು. "ಇಡೀ ಪರೀಕ್ಷೆ ತುಟಿಲಿ ಕೊಟ್ಟು ಬಂದ್ಯಾ! ಅಲ್ವೇ, ಆಗ ದನಿ ಬರ್ಲಿಲ್ಲ ಅಂದ್ರೆ ಈಗ ಬರ್ತಿದೆಯಲ್ಲ, ಹೀಗೇ ಮಾತಾಡು ಅಲ್ಲೂ."

ಅವಳು ತಲೆ ಅಲ್ಲಾಡಿಸಿದಳು. "ಈಗಲೂ ಇಲ್ಲ ಅಮ್ಮ."

ಅಮ್ಮನ ಕೈ ನಿಂತಿತು. "ಈಗಲೂ ಇಲ್ವಾ?"

"ಇಲ್ಲ."

"ಯಾವತ್ತಿಂದ?"

ಅವಳು ಉರುಳಿದ ಬಟಾಣಿ ಹೆಕ್ಕತೊಡಗಿದಳು. ಅಂಗಡಿಯಲ್ಲಿ, ಬಸ್ಸಿನಲ್ಲಿ ಬೇಕಾದಷ್ಟು ದನಿ ಬರುತ್ತಿತ್ತು. ಮನೆಯಲ್ಲಿ ದನಿ ಬೇಕಾಗಿದ್ದದ್ದು ಗಂಡನಿಗೆ ಮಾತ್ರ. ಅವನಿಗೂ ಕಿವಿ ಮಂದವಾಗಿತ್ತು, ಆದರೆ ತುಟಿ ಓದಲು ಅವನು ತಲೆ ಎತ್ತಬೇಕಲ್ಲ, ಏನಾದರೊಂದು ಬಿಚ್ಚಿಕೊಂಡು ಬಗ್ಗಿ ಕೂತಿರುತ್ತಿದ್ದ. ಊಟಕ್ಕೆ ಅಡುಗೆಮನೆಯಿಂದ ಕೂಗಿ ಕರೆಯಬೇಕಿತ್ತು.

ಅಮ್ಮ ತಾನೇ ಲೆಕ್ಕ ಹಾಕಿಕೊಂಡಳು. ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟಳು. "ನಾನು ಕಿವುಡಿ, ನನಗೆ ಕೇಳ್ತಿಲ್ಲ ಅಷ್ಟೇ, ಮನೇಲಿ ನಿನ್ನ ದನಿ ಇದೆ ಅಂದ್ಕೊಂಡಿದ್ದೆ," ಎಂದಳು. ಆಮೇಲೆ, "ನಾಲ್ಕು ವರ್ಷದಿಂದ ನಾನೊಬ್ಬಳೇ ಕಿರುಚ್ತಿದ್ದೀನಾ ಇಲ್ಲಿ? ಆ ದರ್ಜಿ ನನ್ನನ್ನ ಹಾಗೆ ನೋಡೋದು ಅದಕ್ಕಾ!"

ಇಬ್ಬರೂ ನಗಲಿಲ್ಲ.

ಶೆಡ್ಡಿನಲ್ಲಿ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಒಳಗಿನ ದೋಷ ಹಿಡಿಯುವುದರಲ್ಲಿ ಅಮ್ಮನನ್ನು ಮೀರಿಸಿದವರಿರಲಿಲ್ಲ. ಕಿವಿ ಹೋದ ಮೇಲೂ ಅಂಗೈ ಹೋಗಿರಲಿಲ್ಲ. ಅವಳು ಹತ್ತಿರ ಸರಿದು ಮಗಳ ಗಂಟಲ ಮೇಲೆ ಅಂಗೈ ಇಟ್ಟಳು.

"ಹೇಳು."

"ಏನು ಹೇಳ್ಲಿ?"

"ಬರೀ ಗಾಳಿ. ಪರೀಕ್ಷೆಲಿ ಕೇಳಿದ್ದು ಹೇಳು."

ಅವಳು ಒಳಗಿವಿಯ ಸೂಕ್ಷ್ಮ ಕೂದಲುಗಳ ಬಗ್ಗೆ ಹೇಳತೊಡಗಿದಳು.

"ಇಲ್ಲ. ಇಲ್ಲ. ಹ್ಞಾ, ಬಂತು. ಹೋಯ್ತು. ಎಲ್ಲಿ ಹೋಯ್ತು? ಮತ್ತೆ ಹೇಳು."

ಮೂರು ಸಂಜೆ ಹೀಗೆ ನಡೆಯಿತು. ಬರುತ್ತಿತ್ತು, ಹೋಗುತ್ತಿತ್ತು. ಎರಡು ವಾಕ್ಯ ದಾಟಿದರೆ ಗಂಟಲು ಹಳೆಯ ಹಾದಿ ಹಿಡಿಯುತ್ತಿತ್ತು. ಗುರುವಾರ ಅಮ್ಮ ಬಿಸಿನೀರು ಕುಡಿಸಿ ಹೇಳಿದಳು, "ನಾಳೆ ನೀನು ಗೇಟಿಗೆ ಹೋದ್ರೂ ನಾನು ಬೈಯಲ್ಲ. ಮಗ್ಗ ಕೆಟ್ಟದ್ದಲ್ಲ, ನಮ್ಮನ್ನ ಸಾಕಿದೆ. ಆದ್ರೆ ಅಲ್ಲಿಗೆ ಹೋದ್ರೆ ಇದನ್ನ ಇನ್ನು ಹುಡುಕಬೇಡ." ಗಂಟಲ ಮೇಲಿನ ಅಂಗೈಯನ್ನು ಆಗ ತೆಗೆದಳು.

ಶುಕ್ರವಾರ ಬಸ್ಸಿಗೆ ಹೋಗುವ ದಾರಿಯಲ್ಲೇ ಗಿರಣಿ. ಏಳಕ್ಕೆ ಐದು ನಿಮಿಷವಿತ್ತು. ತೆರೆದ ಬಾಗಿಲಿನಿಂದ ಶೆಡ್ಡಿನ ಸದ್ದು ರಸ್ತೆಯವರೆಗೂ ಬರುತ್ತಿತ್ತು. ಮೇಸ್ತ್ರಿ ಗೇಟಿನಲ್ಲಿ ನಿಂತಿದ್ದ. ಅವನ ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೊಸ ಹುಡುಗಿ. ಹದಿನೆಂಟಿರಬಹುದು.

"ಬರ್ತೀಯಾ?" ಎಂದ ತುಟಿಯಲ್ಲಿ.

ಸದ್ದಿಗೆ ಅವಳ ಗಂಟಲು ಆಗಲೇ ಮುಚ್ಚಿಕೊಂಡಿತ್ತು. ತುಟಿಯಲ್ಲಿ 'ಇಲ್ಲ' ಎಂದು ಹೊರಟುಬಿಡಬಹುದಿತ್ತು. ತುಟಿಯಲ್ಲಿ 'ಹೂಂ' ಎಂದು ಒಳಗೆ ಹೋಗುವುದೂ ಅಷ್ಟೇ ಸುಲಭವಿತ್ತು. ಅವಳು ಕತ್ತಿನ ಮೇಲೆ ಎರಡು ಬೆರಳಿಟ್ಟುಕೊಂಡಳು.

"ಇಲ್ಲ ಮೇಸ್ತ್ರಿ. ಮಗ್ಗ ಆ ಹುಡುಗಿಗೆ ಕೊಡಿ."

"ಯಾಕೆ ಕೂಗ್ತೀಯ? ತುಟಿ ಕಾಣುತ್ತಲ್ಲ," ಎಂದ ಮೇಸ್ತ್ರಿ. ಆಮೇಲೆ ಅವಳನ್ನು ಒಂದು ಥರ ನೋಡಿದ. "ಗಿಣಿ ದನಿ ಹೀಗಿದೆಯಾ? ಇಷ್ಟು ದಪ್ಪ?"

ಸೈರನ್ ಆಯಿತು. ಹುಡುಗಿ ಒಳಗೆ ಹೋದಳು.

ಒಳಕೋಣೆಯಲ್ಲಿ ಎ.ಸಿ. ಗಡಗಡ ಎನ್ನುತ್ತಿತ್ತು. ಅದನ್ನು ನಿಲ್ಲಿಸಿದರೆ ಅಲ್ಲಿ ಉಸಿರಾಡಲು ಬರುವುದಿಲ್ಲವೆಂದು ಮೇಡಂ ಮೊದಲೇ ಹೇಳಿದ್ದರು. ಅವಳು ಕೂತು ಗಂಟಲ ಮೇಲೆ ಅಂಗೈ ಇಟ್ಟುಕೊಂಡಳು. ಪರೀಕ್ಷಕರು ಒಮ್ಮೆ ನೋಡಿದರು. ಮೊದಲ ಪ್ರಶ್ನೆ ಓದಿದರು.

ಅವಳ ಉತ್ತರಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಇಷ್ಟು ಜೋರು ಬೇಡಮ್ಮ. ನಾನಿನ್ನೂ ಕಿವುಡ ಆಗಿಲ್ಲ."

ಅವಳು ತಗ್ಗಿಸಿದಳು. ಎರಡನೆಯದಕ್ಕೆ ನಡುವೆ ದನಿ ಹೋಯಿತು. ಅಂಗೈಗೆ ಗೊತ್ತಾಯಿತು. ವಾಕ್ಯವನ್ನು ಮೊದಲಿನಿಂದ ಹೇಳಿದಳು. ಮೂರನೆಯದಕ್ಕೂ ಹಾಗೇ ಆಯಿತು. ಪರೀಕ್ಷಕರ ಪೆನ್ನು ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು.

"ಸದ್ದಿನ ನಡುವೆ ಕೆಲಸ ಮಾಡೋರಿಗೆ ಮೊದಲು ಯಾವ ದನಿ ಹೋಗುತ್ತೆ? ಉದಾಹರಣೆ ಕೊಡಿ."

ಹಿಂದಿನ ಸಲವೂ ಇದನ್ನು ಕೇಳಿದ್ದರು. ಆಗ ತುಟಿಯಲ್ಲಿ ಸಲೀಸಾಗಿ ಹೇಳಿ ಮುಗಿಸಿದ್ದಳು.

"ತೆಳು ದನಿ, ಸಾರ್. ಏರುದನಿ. ಹಕ್ಕಿಗಳದ್ದು, ಚಿಕ್ಕ ಮಕ್ಕಳದ್ದು. ಗಡಿಯಾರದ ಟಿಕ್ ಟಿಕ್." ಅಂಗೈಯ ಕೆಳಗೆ ಗಂಟಲು ನಡುಗುತ್ತಿತ್ತು. "ಹಿಂದಕ್ಕೆ ಬರೋ ಲಾರಿಯ..."

ಅಲ್ಲಿ ನಿಂತಿತು. ಅವಳ ತುಟಿ ಮುಂದಿನ ಪದವನ್ನು ಆಡಿತು. ಅಂಗೈಗೆ ಏನೂ ತಿಳಿಯಲಿಲ್ಲ.

ಪರೀಕ್ಷಕರು ಕಾದರು. ಈ ಸಲ ಅವರು ಕಾಗದ ನೋಡುತ್ತಿರಲಿಲ್ಲ. ಬಾಗಿಲ ಬಳಿ ಮೇಡಂ ಕುರ್ಚಿಯ ತುದಿಗೆ ಬಂದಿದ್ದರು.

"ಹಿಂದಕ್ಕೆ ಬರೋ ಲಾರಿಯ ಪೀಪಿ," ಎಂದಳು. ದನಿ ಒಡೆದಿತ್ತು, ಆದರೆ ಇತ್ತು. "ಅದು ಕೇಳಲ್ಲ ಸಾರ್. ಬಡ್ಕೊಳ್ತಾನೇ ಇದ್ರೂ ಕೇಳಲ್ಲ."

ಪೆನ್ನು ಓಡಿತು.

ಪಾಸಿಗೆ ಬೇಕಾದಷ್ಟೇ ಅಂಕ ಬಂತು, ಮೇಲೆ ಒಂದೂ ಇಲ್ಲ. ಮುಂದಿನ ಸೆಮಿಸ್ಟರಿಗೆ ಹೆಸರು ಬರೆಸಿ ಎಂದು ಮೇಡಂ ಕಾಗದ ಕೊಟ್ಟರು. ಬಸ್ಸಿನಲ್ಲಿ ಅವಳು ಅದನ್ನು ಮಡಚಿ ಹಿಡಿದುಕೊಂಡು ಕೂತಳು. ಸಂತೋಷ ಬರಬಹುದೆಂದು ಕಾದಳು. ಗಂಟಲು ನೋಯುತ್ತಿತ್ತು. ಗಿರಣಿಯ ಮುಂದೆ ಬಸ್ಸು ಹಾದುಹೋದಾಗ ಆ ಕಡೆ ನೋಡಲಿಲ್ಲ. ತನ್ನ ಎರಡು ಮಗ್ಗದ ಮುಂದೆ ಆ ಹುಡುಗಿ ಈಗ ಕೂಗುತ್ತಿರುತ್ತಾಳೆ, ಇನ್ನೆರಡು ವಾರಕ್ಕೆ ಬಿಡುತ್ತಾಳೆ ಎಂದುಕೊಂಡಳು.

ಮನೆಯಲ್ಲಿ ಅಮ್ಮ ಬಾಗಿಲ ಒಳಗೇ ಕಾದು ನಿಂತಿದ್ದಳು. ಮಗಳ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಗಂಟಲ ಮೇಲೆ ಅಂಗೈ ಇಟ್ಟಳು.

"ಹೇಳು. ಮೊದಲಿಂದ ಹೇಳು."

ತುಟಿ ನೋಡದಿದ್ದರೆ ಅಮ್ಮನಿಗೆ ಒಂದು ಪದವೂ ತಿಳಿಯುವುದಿಲ್ಲ. ಆದರೂ ಮಗಳು ಗೇಟಿನಿಂದ ಶುರುಮಾಡಿ ಹೇಳಿದಳು.

ಆಚೆ ಮನೆಯ ಬಾಗಿಲು ತೆರೆಯಿತು. ದರ್ಜಿ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡು ಇಣುಕಿದ.

"ಯಾರಮ್ಮ ಬಂದಿರೋದು, ನಿಮ್ಮ ಮನೆಗೆ?"