ಕತ್ತರಿಯ ಒಳಮೈ

"ಸಾಣೆ ಹಿಡಿಯೋನ ಮನೇಲಿ ಮೊಂಡ ಹುಟ್ಟಿದಾನೆ, ಎಲ್ಲರೂ ನೋಡ್ಕೊಳ್ಳಿ!"

ಅತ್ತೆ, ಅಪ್ಪನ ತಂಗಿ, ಇದನ್ನು ಕಿರುಚಿ ಹೇಳಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. ಗಿರಾಕಿಯ ಅಳತೆ ಹೇಳುವ ದನಿಯಲ್ಲಿ, ಸೊಂಟ ಮೂವತ್ತೆರಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು. ಕಲಾಕೇಂದ್ರದ ದೊಡ್ಡ ಹಾಲಿನಲ್ಲಿ ಆಗ ನೂರಕ್ಕೂ ಮೇಲೆ ಜನ. ಅರ್ಧ ನಮ್ಮ ಬೀದಿಯವರು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಬಂದವರು. ಉಳಿದರ್ಧ ಕಾರಿನಲ್ಲಿ ಬಂದವರು. ಎಲ್ಲರ ಕಣ್ಣೂ ನನ್ನ ಮೇಲೆ.

ಮೇಲಿನಿಂದ ಸ್ಟೀಲ್ ತಂತಿಗಳಲ್ಲಿ ಇಪ್ಪತ್ತೆರಡು ಕತ್ತರಿಗಳು ಎದೆಮಟ್ಟಕ್ಕೆ ತೂಗುಬಿದ್ದಿದ್ದವು. ನಡುವಿನ ತಂತಿ ಮಾತ್ರ ಖಾಲಿ. ಅದರ ಕತ್ತರಿಯನ್ನು ಅತ್ತೆ ಕೊಕ್ಕೆಯಿಂದ ಬಿಡಿಸಿಕೊಂಡು, ಚೀಲದಿಂದ ಒಂದು ಬಟ್ಟೆ ತುಂಡು ತೆಗೆದು ಅದರ ಬಾಯಿಗೆ ಕೊಟ್ಟಿದ್ದಳು. ಬಟ್ಟೆ ತುಂಡಾಗಲಿಲ್ಲ. ಹಲ್ಲಿಲ್ಲದ ಬಾಯಿ ಕಚ್ಚಿದ ಹಾಗೆ, ಎರಡು ಅಲಗಿನ ನಡುವೆ ಮುದುಡಿಕೊಂಡು ಸಿಕ್ಕಿಬಿತ್ತು.

"ಅತ್ತೆ, ಇಲ್ಲಿ ಬೇಡ," ಅಂದೆ ಮೆಲ್ಲಗೆ.

"ಯಾಕೆ ಬೇಡ? ಇಲ್ಲಿಗೇ ತಾನೆ ಮನೆಮನೆಗೆ ಬಂದು ಕರೆದಿದ್ದು ನೀನು?"

ಹೌದು, ನಾನೇ ಕರೆದಿದ್ದೆ.

ಈ ಕಟ್ಟಡ ಮೊದಲು ಬಟ್ಟೆ ಫ್ಯಾಕ್ಟರಿ. ನಮ್ಮ ಬೀದಿಯ ಅರ್ಧ ಮನೆಗಳು ಇದರ ಸೈರನ್ನಿಗೆ ಎದ್ದು, ಇದರ ಸೈರನ್ನಿಗೆ ಉಂಡು ಬದುಕಿದವು. ಅತ್ತೆ ಇಲ್ಲಿ ಹದಿನಾಲ್ಕು ವರ್ಷ ಕಾಲರ್ ಹೊಲಿದಳು. ಅಪ್ಪ ಗೇಟಿನ ಹೊರಗೆ ಕಾಲಲ್ಲಿ ತುಳಿಯುವ ಸಾಣೆ ಚಕ್ರ ಇಟ್ಟುಕೊಂಡು ಕೂತಿದ್ದ. ಫ್ಯಾಕ್ಟರಿ ಮುಚ್ಚಿತು. ಯಂತ್ರಗಳು ಲಾರಿ ಹತ್ತಿ ಹೋದವು, ಹೊಲಿಯುವ ಕೈಗಳು ಮಾತ್ರ ಬೀದಿಯಲ್ಲೇ ಉಳಿದವು. ಮನೆಯ ಮುಂದಿನ ಕೋಣೆಯಲ್ಲಿ ಒಂದೊಂದು ಮೆಷಿನ್ನು ಹಾಕಿಕೊಂಡು ಎಲ್ಲರೂ ದರ್ಜಿಗಳಾದರು. ಎಷ್ಟೋ ವರ್ಷ ಬೀಗ ಬಿದ್ದಿದ್ದ ಗೇಟಿಗೆ ಆಮೇಲೆ ಗಾಜಿನ ಬಾಗಿಲು ಬಂತು. ಕಲಾಕೇಂದ್ರ ಅಂದರು.

ಮೊದಲ ವರ್ಷ ಒಳಗೆ ನೆಲದ ಮೇಲೆ ಒಂದು ರಾಶಿ ಮರಳು ಸುರಿದು ಅದರ ಮೇಲೆ ಒಂದು ದೀಪ ಬಿಟ್ಟಿದ್ದರು. ನಮ್ಮ ಬೀದಿಯ ಕಟಿಂಗ್ ಮಾಸ್ಟರು ಗಾಜಿಗೆ ಮೂಗು ಒತ್ತಿ ನೋಡಿ ಬಂದರು. "ಇನ್ನೂ ಗಾರೆ ಕೆಲಸ ಮುಗಿದಿಲ್ಲ ಕಣ್ರೋ, ಮುಗೀಲಿ, ಆಮೇಲೆ ಹೋಗೋಣ" ಅಂದರು. ಅದೇ ಮಾತು ಬೀದಿಯಲ್ಲಿ ನಿಂತುಹೋಯಿತು. ಯಾರಾದರೂ ಕೇಂದ್ರದ ಸುದ್ದಿ ಎತ್ತಿದರೆ ಸಾಕು, ಗಾರೆ ಕೆಲಸ ಮುಗೀತಾ ಅಂತ ಕೇಳಿ ನಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

ನಾನು ಅಲ್ಲಿ ಗೋಡೆಗೆ ಬಿಳಿ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದೆ. ಪ್ರದರ್ಶನ ಮುಗಿದ ಮೇಲೆ ಮೊಳೆ ಕೀಳು, ತೂತು ಮುಚ್ಚು, ಮತ್ತೆ ಬಳಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಸಿಗುತ್ತೆ? ಎಡಗೈಯಲ್ಲಿ ಬರೆಯುತ್ತೇನೆ ಅಂತ ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು, ಒಂದು ದಿನ ನಾನೇ ಸ್ಲೇಟು ಎಸೆದು ಎದ್ದುಬಂದಿದ್ದೆ. ಆವತ್ತು ಅಪ್ಪ ಬೈಯಲಿಲ್ಲ. ಚಕ್ರದ ಮುಂದೆ ಕೂರಿಸಿ, "ಎಡಗೈ ಆದ್ರೇನೋ? ಕಲ್ಲಿಗೇನು ಗೊತ್ತಾಗುತ್ತೆ?" ಅಂದಿದ್ದ.

ಕೇಂದ್ರ ನಡೆಸುವ ಮೇಡಂ ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಈ ಕಥೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಎದುರಿನ ಬೀದಿಯವರೇ ಒಳಗೆ ಬರದಿದ್ದರೆ ಈ ಬಾಗಿಲು ಯಾಕೆ ಅಂತ ಅವರಿಗೆ ನಿಜವಾಗಿ ಸಂಕಟವಿತ್ತು. ಒಂದು ದಿನ ನನ್ನ ಕತ್ತಿಗೆ ಒಂದು ಕಾರ್ಡು ಹಾಕಿದರು. 'ಸಮುದಾಯ ಸಂಪರ್ಕ' ಅಂತ ಅದರ ಮೇಲೆ, ಕೆಳಗೆ ನನ್ನ ಫೋಟೊ. ಬಣ್ಣದ ಡಬ್ಬಿ ಹಿಡಿದು ಹಿಂಬಾಗಿಲಿಂದ ಬರುತ್ತಿದ್ದವನು ಮುಂಬಾಗಿಲಿಂದ ಬರತೊಡಗಿದೆ. ಮನೆಯಲ್ಲೂ ಕಾರ್ಡು ತೆಗೆಯದೆ ಊಟಕ್ಕೆ ಕೂತೆ. ಅಪ್ಪ ನಕ್ಕ. "ಅನ್ನಕ್ಕೂ ತೋರಿಸಬೇಕೇನೋ ಅದನ್ನ?"

ಹಾಗಿರುವಾಗ ಆ ಕಲಾವಿದ ಬಂದ. ಉದ್ದನೆಯ ಮನುಷ್ಯ, ತೆಳು ದನಿ. ಹೊಲಿಗೆಯವರ ಕತ್ತರಿಗಳನ್ನು ಈ ಹಾಲಿನಲ್ಲಿ ತೂಗುಬಿಡಬೇಕು, ಜನ ಅವುಗಳ ನಡುವೆ ಓಡಾಡಬೇಕು ಅಂದ. ಹೊಸ ಕತ್ತರಿ ಬೇಡ, ಈ ಬೀದಿಯದೇ ಆಗಬೇಕು. ಮೇಡಂ ನನ್ನ ಕಡೆ ನೋಡಿದರು. ನಾನು ಕಾರ್ಡು ನೆಟ್ಟಗೆ ಮಾಡಿಕೊಂಡು, "ಅದಕ್ಕೇನು ಮೇಡಂ, ನನಗೆ ಬಿಡಿ" ಅಂದೆ.

ಹೊಲಿಯುವವರ ಮನೆಯಲ್ಲಿ ಕತ್ತರಿ ಕೇಳುವುದು ಅಂದರೆ ಏನು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಅದರಲ್ಲಿ ಕಾಗದ ಕತ್ತರಿಸಿದರೆ ಅಲಗು ಕೆಡುತ್ತದೆ, ಕತ್ತರಿಸಿದ ಮಕ್ಕಳ ಬೆನ್ನು ಮುರಿಯುತ್ತದೆ. ಹತ್ತಾರು ವರ್ಷ ಒಂದೇ ಕೈ ಹಿಡಿದು ಹಿಡಿದು, ಹಿಡಿಯ ಕಬ್ಬಿಣ ಆ ಹೆಬ್ಬೆರಳಿನ ಅಚ್ಚಿಗೆ ಸವೆದಿರುತ್ತದೆ. ಬೇರೆಯವರು ಹಿಡಿದರೆ ಬೊಬ್ಬೆ ಏಳುತ್ತದೆ. ಹೆಚ್ಚಿನವರು ಹಳೆಯದು, ಮೂಲೆಗೆ ಬಿದ್ದದ್ದು ಕೊಟ್ಟರು. ಕಟಿಂಗ್ ಮಾಸ್ಟರು ಫ್ಯಾಕ್ಟರಿಯ ಕಾಲದ ಹನ್ನೆರಡು ಇಂಚಿನದನ್ನು ಎಣ್ಣೆಬಟ್ಟೆಯಿಂದ ಬಿಚ್ಚಿ, "ಹುಷಾರು ಕಣೋ, ನನ್ನ ಹೆಂಡತಿಗಿಂತ ಮುಂಚೆ ಬಂದಿದ್ದು ಇದು" ಅಂದರು.

ಅತ್ತೆಯ ಮನೆಯಲ್ಲಿ ಇದ್ದದ್ದು ಒಂದೇ ಒಂದು. ಶಾಲೆಯ ಮಕ್ಕಳ ಇನ್ನೂರು ಸಮವಸ್ತ್ರ ಒಪ್ಪಿಕೊಂಡಿದ್ದಳು, ಬಟ್ಟೆಯ ಥಾನು ಗೋಡೆಯುದ್ದಕ್ಕೂ ಪೇರಿಸಿತ್ತು.

"ಕತ್ತರಿ, ಹಲ್ಲುಜ್ಜೋ ಬ್ರಷ್ಷು, ಎರಡನ್ನೂ ಸಾಲ ಕೇಳಬಾರದು ಕಣೋ," ಅಂದಳು.

"ಮೂರು ವಾರ ಅತ್ತೆ. ನಡುಮಧ್ಯೆ ನಿನ್ನದೇ ಇರುತ್ತೆ. ಕೆಳಗೆ ನಿನ್ನ ಹೆಸರು. ಅಲ್ಲಿ ಹದಿನಾಲ್ಕು ವರ್ಷ ದುಡಿದೆಯಲ್ಲ, ಒಂದು ಕಡೆನಾದ್ರೂ ನಿನ್ನ ಹೆಸರು ಬರೆದಿದ್ರಾ?"

ಆ ಮಾತು ನಾಟಿತು. ನಾಟಲಿ ಅಂತಲೇ ಹೇಳಿದ್ದೆ. ಪಕ್ಕದ ಮನೆಯ ಕತ್ತರಿಯಲ್ಲಿ ಅಷ್ಟು ದಿನ ಸುಧಾರಿಸುತ್ತೇನೆ ಅಂತ ಒಪ್ಪಿದಳು. ಕೊಡುವಾಗ ಹಿಡಿಯನ್ನು ನನ್ನ ಕಡೆ ಮಾಡಿ, ಆದರೆ ಬಿಡದೆ ಹಿಡಿದುಕೊಂಡಳು. "ಹೆಂಗೆ ಒಯ್ತೀಯೋ ಹಂಗೇ ತರಬೇಕು."

"ಅತ್ತೆ, ನಾನು ಯಾರ ಮಗ?"

ಆಗ ಬಿಟ್ಟಳು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಸುರಕ್ಷತೆಯ ತಪಾಸಣೆಯವನು ಬಂದ. ಅಗ್ನಿಶಾಮಕ ಸಿಲಿಂಡರ್ ನೋಡಿದ, ಮೆಟ್ಟಿಲು ಎಣಿಸಿದ, ಕತ್ತರಿಗಳ ಕೆಳಗೆ ನಿಂತು ತಲೆಯಾಡಿಸಿದ. ಜನರ ಎದೆಮಟ್ಟಕ್ಕೆ ಹರಿತದ ಅಲಗು, ಮಕ್ಕಳು ಬೇರೆ ಬರುತ್ತಾರೆ, ಆಗಲ್ಲ. ಮೊಂಡು ಮಾಡಿ, ಇಲ್ಲವೇ ಇಳಿಸಿ. ಕಲಾವಿದ ತಲೆಮೇಲೆ ಕೈಹೊತ್ತು ಕೂತ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಮೊಂಡು ಮಾಡಿದ್ರೆ ಆಮೇಲೆ ಸರಿಹೋಗುತ್ತಾ?"

"ಹೋಗುತ್ತೆ ಮೇಡಂ. ಅಂಚು ಸ್ವಲ್ಪ ತೇಯೋದು, ಆಮೇಲೆ ಸಾಣೆ ಹಿಡಿದ್ರೆ ಆಯ್ತು. ನಮ್ಮ ಮನೆ ಕಸುಬೇ ಅದು."

"ಆದ್ರೂ ಅವರ ವಸ್ತು. ಪ್ರತಿ ಮನೆಗೂ ಹೋಗಿ ಕೇಳ್ಕೊಂಡು ಬಾ. ಒಬ್ಬರು ಬೇಡ ಅಂದ್ರೂ ಅವರದ್ದನ್ನ ವಾಪಸ್ ಕೊಡೋಣ. ಪೂರ್ತಿ ರದ್ದಾದ್ರೂ ಪರವಾಗಿಲ್ಲ."

ಗೇಟಿನ ತನಕ ಹೋದೆ. ಅಲ್ಲಿಂದ ಬೀದಿ ಕಾಣುತ್ತಿತ್ತು. ಅತ್ತೆ ಮನೆಯ ಮುಂದೆ ಕಟಿಂಗ್ ಮಾಸ್ಟರು ನಿಂತು, ಉದ್ಘಾಟನೆಗೆ ಯಾವ ಶರ್ಟು ಹಾಕಿಕೊಳ್ಳಲಿ ಅಂತ ಎರಡು ಶರ್ಟು ಎತ್ತಿ ತೋರಿಸುತ್ತಿದ್ದರು. ನಾನು ಹೋಗಿ ಕೇಳಿದರೆ ಇಪ್ಪತ್ಮೂರು ಮನೆಯವರೂ ಅಂದೇ ಬಂದು ಕತ್ತರಿ ಕಿತ್ತುಕೊಂಡು ಹೋಗುತ್ತಾರೆ, ಇನ್ನು ಜನ್ಮದಲ್ಲಿ ಈ ಬಾಗಿಲು ದಾಟುವುದಿಲ್ಲ. ನನ್ನ ಕಾರ್ಡು? ಮತ್ತೆ ಬಣ್ಣದ ಡಬ್ಬಿ, ಮತ್ತೆ ಹಿಂಬಾಗಿಲು. ಗೇಟಿನ ಹತ್ತಿರ ಒಂದು ಗಂಟೆ ಕಳೆದು ವಾಪಸ್ ಬಂದೆ.

"ಎಲ್ಲರೂ ಒಪ್ಪಿದ್ರು ಮೇಡಂ."

"ನಿಮ್ಮ ಅತ್ತೆ?"

"ಅವಳೇ ಮೊದಲು ಒಪ್ಪಿದ್ದು."

ಹಿಂದಿನ ಕೋಣೆಯಲ್ಲಿ ಮೋಟಾರಿನ ಸಾಣೆ ಯಂತ್ರವಿತ್ತು. ಮಧ್ಯಾಹ್ನವಿಡೀ ಕೂತು ಅಂಚುಗಳನ್ನು ಗುಂಡಗೆ ತೇಯ್ದೆ. ಅಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಸಂಜೆ ತಪಾಸಣೆಯವನು ಮತ್ತೆ ಬಂದು, ಜೇಬಿನಿಂದ ಒಂದು ಕಾಗದ ತೆಗೆದು ಒಂದೊಂದೇ ಕತ್ತರಿಗೆ ಕೊಟ್ಟು ನೋಡಿದ. ಅತ್ತೆಯ ಕತ್ತರಿಯಲ್ಲಿ ಕಾಗದ! ಅಂಚು ಗುಂಡಾಗಿದ್ದರೂ ಅದು ಚಕ್ಕನೆ ಕತ್ತರಿಸಿತು. "ಇನ್ನೂ ಕಚ್ಚುತ್ತಲ್ಲಪ್ಪ ಇದು. ಯಾವುದೂ ಕಚ್ಚಬಾರದು. ನಾಳೆ ಹತ್ತಕ್ಕೆ ಬರ್ತೀನಿ," ಅಂತ ಹೋದ.

ಕತ್ತರಿಯ ಎರಡು ಅಲಗು ಒಂದಕ್ಕೊಂದು ನೋಡುವ ಮುಖಕ್ಕೆ ನಾವು ಒಳಮೈ ಅನ್ನುತ್ತೇವೆ. ಅದು ನೋಡಲು ಚಪ್ಪಟೆ, ಆದರೆ ಅಲ್ಲ. ಕಣ್ಣಿಗೆ ಕಾಣದಷ್ಟು ತಗ್ಗು ಅಲ್ಲಿದೆ. ಆ ತಗ್ಗಿನಿಂದಲೇ ಅಲಗುಗಳು ಬುಡದಿಂದ ತುದಿಯವರೆಗೆ ಒಂದೊಂದೇ ಬಿಂದುವಿನಲ್ಲಿ ಮುಟ್ಟಿಕೊಂಡು ಹೋಗುತ್ತವೆ, ಬಟ್ಟೆ ಹರಿಯುತ್ತದೆ. ಸಾಣೆಯನ್ನು ಹೊರಗಿನ ಅಂಚಿಗೆ ಮಾತ್ರ ಹಿಡಿಯಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. "ಒಳಮೈ ಮುಟ್ಟಿದ್ಯೋ, ಕತ್ತರಿ ಸತ್ತಂಗೆ. ಆಮೇಲೆ ಯಾವ ಕಲ್ಲೂ ಬದುಕಿಸಲ್ಲ." ನಲವತ್ತು ವರ್ಷದಲ್ಲಿ ಅಪ್ಪ ಒಂದು ಕತ್ತರಿಯ ಒಳಮೈಗೂ ಕಲ್ಲು ತಾಗಿಸಿದವನಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೋಗಿ ನಾನು ಇಪ್ಪತ್ಮೂರರ ಒಳಮೈಯನ್ನೂ ಚಕ್ರಕ್ಕೆ ಒತ್ತಿದೆ. ಕಿಡಿ ಹಾರಿ ತೋಳಿನ ಕೂದಲು ಸುಟ್ಟಿತು. ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗಿಲ್ಲ. ಈ ಊರಿನಲ್ಲಿ ಇದು ಗೊತ್ತಿದ್ದವರು ಇಬ್ಬರೇ, ಅಪ್ಪ ಮತ್ತು ನಾನು. ಕಟಿಂಗ್ ಮಾಸ್ಟರದು ಮುಗಿಸಿದೆ. ಅತ್ತೆಯದನ್ನು ಕೊನೆಗಿಟ್ಟುಕೊಂಡಿದ್ದೆ, ಅದನ್ನೇ ಎಲ್ಲಕ್ಕಿಂತ ಬೇಗ ಮುಗಿಸಿದೆ. ಹತ್ತಕ್ಕೆ ತಪಾಸಣೆಯವನು ಕಾಗದ ಕೊಟ್ಟ. ಯಾವುದೂ ಕಚ್ಚಲಿಲ್ಲ. "ಭೇಷ್," ಅಂದ.

ಮೂರು ವಾರ ಕಳೆದ ಮೇಲೆ ಏನೋ ಒಂದು ಹೇಳಿದರಾಯಿತು ಅಂದುಕೊಂಡಿದ್ದೆ. ಯಾವ ಹೊಲಿಯುವವಳಾದರೂ ಮೂರು ದಿನ ಬಿಟ್ಟಿದ್ದ ತನ್ನ ಕತ್ತರಿಯನ್ನು ಕಂಡು ಕೈಗೆ ತಗೊಳ್ಳದೆ ಸುಮ್ಮನಿರುತ್ತಾಳಾ? ನನ್ನ ಬುದ್ಧಿಗೆ ಅಷ್ಟೂ ಹೊಳೆಯಲಿಲ್ಲ.

ಹಾಲಿನಲ್ಲಿ ಈಗ ಒಬ್ಬೊಬ್ಬರೇ ತಮ್ಮ ತಮ್ಮ ಕತ್ತರಿ ಬಿಡಿಸಿಕೊಳ್ಳತೊಡಗಿದ್ದರು. ಕರವಸ್ತ್ರ, ಅಂಗಿಯ ಚುಂಗು, ಸಿಕ್ಕಿದ್ದನ್ನೆಲ್ಲ ಅಲಗಿಗೆ ಕೊಟ್ಟು ನೋಡಿದರು. ಕಾರಿನಲ್ಲಿ ಬಂದವರಲ್ಲಿ ಒಬ್ಬ ಇದೂ ಪ್ರದರ್ಶನದ ಭಾಗ ಅಂದುಕೊಂಡು ಫೋನು ಎತ್ತಿ ಹಿಡಿದ. ಕಟಿಂಗ್ ಮಾಸ್ಟರು ಇಸ್ತ್ರಿಯ ಗೆರೆ ಮುರಿಯದ ಆ ಶರ್ಟಿನಲ್ಲಿ, ಕತ್ತರಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಸದ್ದು ಕೇಳುತ್ತ ನಿಂತಿದ್ದರು.

ಮೇಡಂ ಓಡಿ ಬಂದರು. "ಅಮ್ಮ, ನೀವೆಲ್ಲ ಒಪ್ಪಿದ್ರಿ ಅಂತ ಇವನು..."

"ಯಾರು ಒಪ್ಪಿದ್ದು?" ಅತ್ತೆ ಸುತ್ತ ನೋಡಿದಳು. "ಯಾರನ್ನ ಕೇಳಿದ್ರಿ? ನಾಳೆ ನಾನು ಆ ಇನ್ನೂರು ಅಂಗಿನ ಹಲ್ಲಲ್ಲಿ ಕಚ್ಚಿ ಹರೀಲಾ?"

ಮೇಡಂ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಅವರ ಮುಖ ಸಣ್ಣದಾಯಿತು, ಅಷ್ಟೇ.

ಜನರನ್ನು ಸರಿಸಿಕೊಂಡು ಅಪ್ಪ ಮುಂದೆ ಬಂದ. ಈಚೆಗೆ ಅವನ ಕೈ ನಡುಗುತ್ತದೆ, ಸಾಣೆ ಬಿಟ್ಟು ಎರಡು ವರ್ಷವಾಯಿತು. ಆದರೆ ಅತ್ತೆಯ ಕೈಯಿಂದ ಕತ್ತರಿ ತೆಗೆದುಕೊಂಡಾಗ ನಡುಕ ನಿಂತಿತು. ಅಲಗು ತೆರೆದ. ಒಳಮೈಯ ಮೇಲೆ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಎಳೆದ.

ಕಲ್ಲು ಬಿಟ್ಟ ಗೀರುಗಳಿಗೆ ಒಂದು ವಾಲು ಇರುತ್ತದೆ. ಬಲಗೈಯವನು ಒತ್ತಿದರೆ ಒಂದು ಕಡೆಗೆ, ಎಡಗೈಯವನು ಒತ್ತಿದರೆ ಇನ್ನೊಂದು ಕಡೆಗೆ. ಅಪ್ಪನ ಉಗುರು ನಡುವೆ ನಿಂತಿತು. ಇನ್ನೊಂದು ಸಲ ಎಳೆದ. ನನ್ನ ಕಡೆ ನೋಡಲಿಲ್ಲ.

"ಇದು ನನ್ನ ಮಗ ಮಾಡಿದ್ದಲ್ಲ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಅವನಿಗೆ ಈ ಕೆಲಸ ನಾನೇ ಕಲಿಸಿದ್ದು. ಒಳಮೈ ಮುಟ್ಟೋನಲ್ಲ ಅವನು. ಕಸುಬು ಗೊತ್ತಿಲ್ಲದವರು ಯಾರೋ ಮೆಷಿನ್ನಿಗೆ ಕೊಟ್ಟಿದಾರೆ."

ಅಪ್ಪನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕತ್ತು ಕೆಂಪಾಗಿತ್ತು.

ಅತ್ತೆ ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು. ದನಿ ಮೊದಲ ಸಲ ಇಳಿಯಿತು. "ಹೌದೇನೋ? ನಿಜವಾ? ನೀನಲ್ಲ ಅಂತ ಒಂದು ಮಾತು ಹೇಳಿಬಿಡು. ಅಣ್ಣನ ಮಾತು ನಂಬ್ತೀನಿ, ನಾನಂದಿದ್ದನ್ನ ಇಲ್ಲೇ ಎಲ್ಲರ ಮುಂದೆ ವಾಪಸ್ ತಗೋತೀನಿ. ಹೇಳೋ."

ಅಪ್ಪ ಕತ್ತರಿಯನ್ನು ಮುಚ್ಚಿ, ಒಳಮೈ ಯಾರಿಗೂ ಕಾಣದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಅವನು ನನಗಾಗಿ ಕಾಯುತ್ತಿದ್ದ. ಅವಳೂ ಕಾಯುತ್ತಿದ್ದಳು.

ನಾನು ಎಡಗೈಯನ್ನು ಜೇಬಿಗೆ ತುರುಕಿದೆ. ತೂಗುತ್ತಿದ್ದ ಖಾಲಿ ತಂತಿಗಳನ್ನು ಭುಜದಲ್ಲಿ ಸರಿಸಿಕೊಂಡು, ಕಟಿಂಗ್ ಮಾಸ್ಟರನ್ನು ದಾಟಿ, ಗಾಜಿನ ಬಾಗಿಲು ತಳ್ಳಿ, ಬೀದಿಗಿಳಿದು ನಡೆದೆ.