ಸೋಗಿನಲ್ಲಿ ತೋರಿಸದ ಕೊನೆ

"ಅಕ್ಕೋರ, ಸಾವಕಾರ್ರು ಕರದಾರ್ರಿ."

ಜವಾನ ಗಿರಿಯಪ್ಪ ವರ್ಗದ ಬಾಗಿಲಲ್ಲಿ ನಿಂತು ಇಷ್ಟು ಹೇಳಿದ್ದೇ ತಡ, ಹುಡುಗರ ಗುಜುಗುಜು ಒಮ್ಮೆಲೇ ಅಡಗಿತು. ಹಲಗೆಯ ಮೇಲೆ ಬರೆಯುತ್ತಿದ್ದ ಸುಶೀಲವ್ವನ ಕೈ ಪದದ ನಡುವೆಯೇ ನಿಂತಿತು. ಹಿಂದಿನ ಸಾಲಿನ ಇಸಾಕ ತಲೆ ತಗ್ಗಿಸಿದ. ಅವನ ಕಿವಿಯ ಹಿಂದೆ ಹೋಳಿಯ ಗುಲಾಬಿ ಬಣ್ಣ ಇನ್ನೂ ಉಳಿದಿತ್ತು. ಹುಡುಗಿಯರ ಬೆಂಚಿನ ತುದಿಯಲ್ಲಿದ್ದ ಮಾದೇವಿ ಮಾತ್ರ ಅಕ್ಕೋರನ್ನೇ ನೋಡುತ್ತಿದ್ದಳು.

"ಸಾಲಿ ಬಿಟ್ಟ ಮ್ಯಾಲೆ ಬರ್ತೇನಿ ಅಂತ ಹೇಳು."

"ಈಗ ಬರಬೇಕಂತ್ರಿ. ಆ ಪುಸ್ತಕಾನೂ ತರಬೇಕಂತ."

ಯಾವ ಪುಸ್ತಕವೆಂದು ಅವಳು ಕೇಳಲಿಲ್ಲ. ಮೇಜಿನ ಮೇಲಿದ್ದುದನ್ನು ಸೆರಗಿನೊಳಗೆ ಹಿಡಿದು ಹೊರಗೆ ಬಂದಳು. ಬೆರಳುಗಳು ಸೀಮೆಸುಣ್ಣದಿಂದ ಬೆಳ್ಳಗಾಗಿದ್ದವು. ಒರೆಸಿಕೊಳ್ಳಲು ಮರೆತಳು.

ಸವಣೂರಿನ ಆ ಹೈಸ್ಕೂಲನ್ನು ನಡೆಸುವ ಸೊಸೈಟಿಗೆ ಮಹಾಲಿಂಗಪ್ಪ ಸಾವಕಾರರು ಅಧ್ಯಕ್ಷರು. ಊರ ಹೊರಗಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನೂ ಅವರದೇ. ಗಂಡ ಸತ್ತ ಹರೆಯದ ಹೆಣ್ಣನ್ನು ಗಂಡುಹುಡುಗರ ಮುಂದೆ ನಿಲ್ಲಿಸುವುದು ಹೇಗೆ ಎಂದು ಸೊಸೈಟಿಯ ಉಳಿದವರು ಮೂಗು ಮುರಿದಾಗ, ಬಿ.ಎ. ಪಾಸಾದವಳು ಈ ಊರಿಗೆ ಇನ್ನೊಬ್ಬಳು ಸಿಗುತ್ತಾಳೇನು ಎಂದು ಒಂದೇ ಮಾತಿನಲ್ಲಿ ಅವಳನ್ನು ತೆಗೆದುಕೊಂಡವರು ಅವರು. ಕೊಟ್ಟವರು ಒಂದೇ ಮಾತಿನಲ್ಲಿ ಕಸಿದುಕೊಳ್ಳಲೂ ಬಲ್ಲರು. ಆಮೇಲೆ ಅವಳಿಗೆ ಉಳಿಯುವುದು ಹಾನಗಲ್ಲಿನ ಮಾವನ ಮನೆ. ಗಂಡ ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಒಂದು ವರ್ಷ ಅವಳು ಅಲ್ಲಿದ್ದಳು. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅವಳ ಪುಸ್ತಕದ ಟ್ರಂಕನ್ನು ಅಡುಗೆಮನೆಯ ಮೂಲೆಗೆ ತಳ್ಳಿ ಅದರ ಮೇಲೆ ಕಟ್ಟಿಗೆ ಒಟ್ಟಿದ್ದರು. ದಿನಾ ಒಲೆಗೆ ಕಟ್ಟಿಗೆ ತೆಗೆದಂತೆ ಟ್ರಂಕು ಸ್ವಲ್ಪ ಕಾಣುತ್ತಿತ್ತು. ಅದು ಪೂರ್ತಿ ಕಾಣುವ ಮೊದಲೇ ಹೊಸ ಹೊರೆ ಬಂದು ಬೀಳುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಶಿಕ್ಷಣ ಇಲಾಖೆ ಗೊತ್ತುಪಡಿಸಿದ ಇಂಗ್ಲಿಷ್ ಉಪಪಠ್ಯ. ವಿಕ್ಟೋರಿಯಾ ರಾಣಿಯ ಕಾಲದ ಒಂದು ದಪ್ಪ ಕಾದಂಬರಿಯನ್ನು ಹಿಂಡಿ ಸಣ್ಣದು ಮಾಡಿದ್ದರು. ನೂಲಿನ ಗಿರಣಿಯಲ್ಲಿ ಯಂತ್ರದ ಅಡಿಗೆ ನುಸುಳಿ ಬಿದ್ದ ಅರಳೆ ಆಯುವ ಒಬ್ಬ ಅನಾಥ ಹುಡುಗಿಯ ಕಥೆ. ಧಾರವಾಡದಲ್ಲಿ ಓದುವಾಗ ಸುಶೀಲವ್ವ ಇಂಥ ಕಾದಂಬರಿಗಳ ಬಗ್ಗೆ ಪರೀಕ್ಷೆಯಲ್ಲಿ ಬರೆದಿದ್ದಳು: ಲೇಖಕರು ಸಮಾಜಕ್ಕೆ ಕನ್ನಡಿ ಹಿಡಿದರು, ಸಮಾಜ ತನ್ನ ಮುಖ ಕಂಡು ನಾಚಿ ತಿದ್ದಿಕೊಂಡಿತು ಎಂದು. ಒಳ್ಳೆಯ ಅಂಕ ಬಂದಿದ್ದವು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಇಂಗ್ಲಿಷು ಕೇಳಿ ಕೇಳಿ ಹುಡುಗರು ತೂಕಡಿಸುವುದನ್ನು ಕಂಡು, ಅವಳು ಪುಸ್ತಕ ಮುಚ್ಚಿ ಕಥೆಯನ್ನು ಕನ್ನಡದಲ್ಲಿ ಹೇಳಿದಳು. ಆ ಹೆಸರುಗಳು ಹುಡುಗರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಒಬ್ಬಳು ಹುಡುಗಿ ಎಂದಳು, ಒಬ್ಬ ಮಾಲಕ ಎಂದಳು, ಒಂದು ಊರು ಎಂದಳು. ಅಲ್ಲೇ ಅವಳು ತಪ್ಪಿದ್ದು. ಆ ಸೀಮೆಯಲ್ಲಿ ಹೆಸರು ಬಿಟ್ಟು ಕಥೆ ಹೇಳಿದರೆ, ಕೇಳುವವರಿಗೆ ಗೊತ್ತಿರುವ ಯಾರದೋ ಕಥೆ ಎಂದೇ ಲೆಕ್ಕ.

ಮಾಲಕ ಬೆಳಿಗ್ಗೆ ಗಡಿಯಾರ ಮುಂದೆ ಓಡಿಸುತ್ತಾನೆ, ಸಂಜೆ ಹಿಂದೆ ಸರಿಸುತ್ತಾನೆ ಎಂದು ಹೇಳುವಾಗ ವರ್ಗವೆಲ್ಲ ಎಚ್ಚರವಾಗಿತ್ತು. "ನಮ್ಮ ಜಿನ್ನಿನ ಭೋಂಗಾದಂಗ," ಎಂದು, ಕೆಲಸಕ್ಕೆ ಕರೆಯುವ ಅದರ ಸೈರನ್ನನ್ನು ನೆನೆದು ಯಾರೋ ಅಂದರು. ಎಲ್ಲರೂ ನಕ್ಕರು. ಸಾಲೆ ಬಿಟ್ಟ ಮೇಲೆ ಅವ್ವ ಅನ್ನವ್ವನ ಜೊತೆ ಅದೇ ಜಿನ್ನಿನಲ್ಲಿ ಕೆಲಸಕ್ಕೆ ನಿಲ್ಲುವ ಮಾದೇವಿ ನಗಲಿಲ್ಲ. ಅವಳ ಕೂದಲಲ್ಲಿ ಯಾವಾಗಲೂ ಅರಳೆಯ ಎಳೆ ಇರುತ್ತಿತ್ತು. ವರ್ಷವಿಡೀ ಬಾಯಿ ಬಿಡದ ಹುಡುಗಿ ಅಂದು ಎದ್ದು ನಿಂತು, ಕೊನೆಗೆ ಏನಾಯಿತು ಎಂದು ಕೇಳಿದಳು. ಸುಶೀಲವ್ವ ಇದ್ದದ್ದನ್ನೇ ಹೇಳಿದಳು. ಹುಡುಗಿ ನಿದ್ದೆಗಣ್ಣಿನಲ್ಲಿ ಯಂತ್ರದೊಳಗೆ ಕೈ ಇಡುತ್ತಾಳೆ. ಬೆರಳು ಹೋಗುತ್ತವೆ. ಅರಳೆಗೆ ರಕ್ತ ತಾಗಿತೆಂದು ಮಾಲಕ ಸಿಡುಕುತ್ತಾನೆ. ಮರುದಿನ ಗಂಟೆ ಬಾರಿಸುತ್ತದೆ, ಅವಳ ಜಾಗದಲ್ಲಿ ಇನ್ನೊಬ್ಬಳು ಹುಡುಗಿ ಬಂದು ನಿಲ್ಲುತ್ತಾಳೆ.

ಹೋಳಿಯಲ್ಲಿ ಹುಡುಗರು ಅದನ್ನೇ ಸೋಗು ಮಾಡಿದರು. ಪ್ರತಿವರ್ಷ ಬಂಡಿ ಕಟ್ಟಿ ಊರಿನವರ ಅಣಕ ಆಡುವುದು ಅಲ್ಲಿಯ ರೂಢಿ. ಯಾರನ್ನು ಆಡಿಕೊಂಡರೂ ಕಾಮ ಸುಡುವ ತನಕ ಅವರು ಸಿಟ್ಟಿಗೇಳುವಂತಿಲ್ಲ. ಇಸಾಕ ಬೆಳ್ಳಿಬಣ್ಣದ ಹಿಡಿಕೆಯ ಕೋಲು ಹಿಡಿದು, ಸಾವಕಾರರ ಹಾಗೆಯೇ ಕಿವಿಯ ಹಾಲೆ ಎಳೆದುಕೊಳ್ಳುತ್ತ, ತಗಡಿನ ಭೋಂಗಾ ಊದಿದ. ಸೀರೆ ಉಟ್ಟ ಹುಡುಗನೊಬ್ಬ ಊದಿದಾಗೊಮ್ಮೆ ಎದ್ದು ಅರಳೆ ಆಯ್ದ. ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾವಕಾರರೂ ತಮ್ಮ ಕಟ್ಟೆಯ ಮೇಲೆ ನಿಂತು ನಕ್ಕರು. ಹಿಂದಿನ ಬಂಡಿಯವರು ಅವಸರ ಮಾಡಿದ್ದರಿಂದ ಕಥೆ ಪೂರ್ತಿಯಾಗುವ ಮೊದಲೇ ಬಂಡಿ ಮುಂದೆ ಸರಿಯಿತು. ಆ ನಗುವನ್ನು ನೋಡಿದಾಗಿನಿಂದ ಸುಶೀಲವ್ವನಿಗೆ ಊಟ ಸೇರಿರಲಿಲ್ಲ. ಈಗ ಕಾಮ ಸುಟ್ಟು ಬೂದಿಯಾಗಿತ್ತು.

ಬಣ್ಣ ಹತ್ತಿದ ಗೋಡೆಗಳ ನಡುವೆ ಗಿರಿಯಪ್ಪ ಮುಂದೆ, ಅವಳು ಹಿಂದೆ ನಡೆದರು. ವೀಳ್ಯದೆಲೆ ಮಾರುವ ಕುಲಸುಮಬಿ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನೋಡಿದಳು. "ಸಾವಕಾರ್ರು ಹೆಂಗದಾರ?" ಎಂದು ಸುಶೀಲವ್ವ ಕೇಳಿದಳು.

"ನಗಾಕತ್ತಾರ್ರಿ," ಎಂದ ಗಿರಿಯಪ್ಪ. ಸ್ವಲ್ಪ ದೂರ ಹೋದ ಮೇಲೆ, "ಹೋದ ವರ್ಷ ಜಿನ್ನಿನ ಕಾರಕೂನನ್ನ ಕೆಲಸಾ ಬಿಡಿಸಿದಾಗೂ ನಗತಿದ್ರು," ಎಂದ.

ಸಾವಕಾರರು ಪಡಸಾಲೆಯ ಗಾದಿಯ ಮೇಲೆ ಲೋಡಿಗೆ ಒರಗಿದ್ದರು. ಬೆಳ್ಳಿ ಹಿಡಿಕೆಯ ಕೋಲು ಪಕ್ಕದಲ್ಲಿತ್ತು. ಒಳಬಾಗಿಲಲ್ಲಿ ಅವರ ಹೆಂಡತಿ ಸರೋಜವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಕುಂದರ್ರಿ, ಅಕ್ಕೋರ. ಸೋಗು ಭಾಳ ಚೊಲೋ ಆತು. ಕಥಿ ನೀವು ಹೇಳಿದ್ದಂತ?"

"ಪುಸ್ತಕದಾಗಿಂದ್ರಿ. ಸರಕಾರದವರು ಇಟ್ಟಿದ್ದು." ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ನೂರು ವರ್ಷದ ಹಿಂದಿಂದು. ಇಂಗ್ಲೆಂಡಿನ ಕಥಿ."

"ಹಂಗೇನು. ನೂರು ವರ್ಷದ ಹಿಂದ ಇಂಗ್ಲೆಂಡಿಗೆ ನನ್ನ ಕೋಲು ಹೆಂಗ ಹೋತು?"

ಸರೋಜವ್ವ ನಕ್ಕಳು. ಸುಶೀಲವ್ವ ಪುಸ್ತಕವನ್ನು ಮುಂದೆ ಇಟ್ಟಳು. ಸಾವಕಾರರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಹಾಳೆ ತಿರುವಿ, ಎತ್ತರದ ಟೋಪಿಯ ಮಾಲಕನ ಚಿತ್ರ ಸಿಕ್ಕಾಗ ಅದನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇಂವಾ ನನ್ನಂಗ ಇಲ್ಲಲ್ಲ," ಎಂದರು. ಆಮೇಲೆ ಪುಸ್ತಕ ಮುಚ್ಚಿದರು. "ಬಂಡಿ ಮುಂದ ಹೋಗಿಬಿಡ್ತು, ಕಡೀಕೆ ಏನಾತು ಅಂತ ನನಗ ತಿಳೀಲಿಲ್ಲ. ಹೇಳ್ರಿ, ಪೂರಾ ಹೇಳ್ರಿ."

ಅವಳು ಹೇಳತೊಡಗಿದಳು. ಗಡಿಯಾರದ ಭಾಗವನ್ನು ಬಿಟ್ಟಳು. ಹುಡುಗಿಯ ಹಸಿವನ್ನು ಹೇಳಿದಳು, ಅರಳೆಯ ಧೂಳಿಗೆ ಬರುವ ಕೆಮ್ಮನ್ನು ಹೇಳಿದಳು. ಸರೋಜವ್ವನ ಕೈಯ ಮೊರ ನಿಂತಿತು. ಸಾವಕಾರರು ಕಿವಿಯಿಂದ ಕೈ ತೆಗೆದು ಮುಂದಕ್ಕೆ ಬಾಗಿದ್ದರು. ನಿದ್ದೆಗಣ್ಣಿನ ಹುಡುಗಿ ಯಂತ್ರದ ಕಡೆಗೆ ಕೈ ಚಾಚಿದಳು ಎಂಬಲ್ಲಿಗೆ ಬಂದಾಗ ಸುಶೀಲವ್ವ ಮುಚ್ಚಿದ ಪುಸ್ತಕದ ಕಡೆ ನೋಡಿದಳು. ಕಟ್ಟಿಗೆಯ ಕೆಳಗಿನ ಟ್ರಂಕು ಕಣ್ಣ ಮುಂದೆ ಬಂತು.

"ಆಮ್ಯಾಲೆ?"

"ಆಮ್ಯಾಲೆ ಮಾಲಕ ನೋಡಿದಾ ರೀ," ಎಂದಳು. "ಓಡಿ ಬಂದು ಕೈ ಹಿಡಕೊಂಡಾ. ಆಕೀನ ತನ್ನ ಮನಿಗೆ ಕರಕೊಂಡು ಹೋದಾ. ಉಣ್ಣಾಕ ಕೊಟ್ಟು, ಉಡಾಕ ಕೊಟ್ಟು, ಮಗಳಂಗ ಸಾಕಿದಾ."

ಸಾವಕಾರರು ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಅದು ನಿಜವಾದ ನೀರು. ಅದನ್ನು ಕಂಡು ಅವಳಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

"ಅಂದ್ರ ಅಂವಾ ಕೆಟ್ಟಾಂವಲ್ಲ."

"ಅಲ್ರಿ."

"ಹುಡುಗರು ಅದನ್ನ ತೋರಸಬೇಕಿತ್ತು." ಅವರು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ನಮ್ಮ ಜಿನ್ನಿನ್ಯಾಗ ನಿಮ್ಮ ಸಾಲಿ ಹುಡುಗಿ ಯಾವಾಕ್ಯರ ಅದಾಳೇನು?"

ಅವಳು ಸುಮ್ಮನೆ ಇರಬಹುದಾಗಿತ್ತು. ಗೊತ್ತಿಲ್ಲ ಎನ್ನಬಹುದಾಗಿತ್ತು. ಸಾವಕಾರರು ಕಾಯುತ್ತಿದ್ದರು.

"ಅನ್ನವ್ವನ ಮಗಳು," ಎಂದಳು. "ಮಾದೇವಿ."

ಅವಳ ನೌಕರಿ ಉಳಿಯಿತು. ಮರುದಿನ ಮಾದೇವಿಯ ಜಾಗ ಖಾಲಿ ಇತ್ತು, ಅದರ ಮರುದಿನವೂ ಖಾಲಿ ಇತ್ತು. ವಾರ ಕಳೆಯುವುದರೊಳಗೆ ಅನ್ನವ್ವ ಸಾಲೆಗೆ ಬಂದು, ತಡೆಯುವ ಮೊದಲೇ ಅಕ್ಕೋರ ಕಾಲು ಮುಟ್ಟಿದಳು. ಮಗಳನ್ನು ಸಾವಕಾರರು ಮನೆಗೆ ಕರೆಸಿಕೊಂಡಿದ್ದರು. ನೀರು ತುಂಬುವುದು, ಕಸ ಹೊಡೆಯುವುದು, ಸರೋಜವ್ವನ ಕಾಲು ಒತ್ತುವುದು. ರಾತ್ರಿಯೂ ಅಲ್ಲೇ.

"ನಿಮ್ಮ ಪುಣ್ಯೇರಿ, ಅಕ್ಕೋರ. ಎರಡು ಹೊತ್ತು ಬಿಸಿ ರೊಟ್ಟಿ ಉಣ್ಣಾಕತ್ತಾಳ."

ಸಾಲೆಗೆ ಯಾವಾಗ ಬರುತ್ತಾಳೆ ಎಂದು ಸುಶೀಲವ್ವ ಕೇಳಿದಳು.

ಅನ್ನವ್ವ ಅವಳನ್ನು ವಿಚಿತ್ರವಾಗಿ ನೋಡಿದಳು. "ಇನ್ನ ಸಾಲಿ ಯಾಕ್ರಿ? ಅಂಥಾ ಮನಿ ಸಿಕ್ಕ ಮ್ಯಾಲೆ?" ಹೊರಡುವಾಗ ಸಹಜವಾಗಿ ಇನ್ನೊಂದು ಮಾತು ಹೇಳಿದಳು. "ಜಿನ್ನಿನ್ಯಾಗ ಆಕಿ ಜಾಗಾಕ್ಕ ಸಣ್ಣಾಕೀನ ಹಚ್ಚೇನ್ರಿ, ನೀಲವ್ವನ್ನ. ಜಾಗಾ ಬಿಟ್ರ ಮತ್ತ ಸಿಗಾಂಗಿಲ್ಲ ನೋಡ್ರಿ."

ಅಂದಿನಿಂದ ಸುಶೀಲವ್ವ ಉಪಪಠ್ಯವನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಓದಿದಳು. ಕನ್ನಡದಾಗ ಹೇಳ್ರಿ ಅಂತ ಇಸಾಕ ಒಂದೆರಡು ಸಲ ಅಂದ. ಅವಳು ತಲೆಯೆತ್ತದೆ ಮುಂದಿನ ಸಾಲಿಗೆ ಹೋದಳು. ಹುಡುಗರು ಮತ್ತೆ ತೂಕಡಿಸತೊಡಗಿದರು.

ಯುಗಾದಿಗೆ ಸಾವಕಾರರು ಮಾಸ್ತರರನ್ನೆಲ್ಲ ಮನೆಗೆ ಕರೆದಿದ್ದರು. ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಸುಶೀಲವ್ವನಿಗೆ ಕಿಟಕಿಯ ಹತ್ತಿರ ಬೇರೆ ಚಾಪೆ ಹಾಸಿದ್ದರು. ಮಾದೇವಿ ಬೇವು-ಬೆಲ್ಲದ ಪಾನಕದ ಬಟ್ಟಲುಗಳನ್ನು ತಾಟಿನಲ್ಲಿ ಹೊತ್ತು ತಂದಳು. ಹೊಸ ಲಂಗ ಉಟ್ಟಿದ್ದಳು. ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು. ಅದರಲ್ಲಿ ಅರಳೆಯ ಎಳೆ ಇರಲಿಲ್ಲ.

"ನಮ್ಮ ಅಕ್ಕೋರ ಕಥಿಯಾಗಿನ ಹುಡುಗಿ ಇಕೀನ," ಎಂದು ಸಾವಕಾರರು ಎಲ್ಲರಿಗೂ ತೋರಿಸಿದರು. "ಪುಸ್ತಕದಾಗ ಓದೋದು ಬ್ಯಾರೆ, ಮಾಡಿ ತೋರಸೋದು ಬ್ಯಾರೆ." ಮಾಸ್ತರರು ಹೌದೆಂದು ತಲೆಯಾಡಿಸಿದರು. ಮಾದೇವಿ ಒಬ್ಬೊಬ್ಬರ ಮುಂದೆ ಬಾಗಿ ಬಟ್ಟಲು ಇಡುತ್ತ ಬಂದಳು. ಕೊನೆಯ ಬಟ್ಟಲು ಸುಶೀಲವ್ವನದು.

"ಅಕ್ಕೋರ," ಎಂದಳು, ತುಟಿ ಮಾತ್ರ ಅಲುಗುವಂತೆ. "ಕಡೀಕೆ ಇನ್ನೊಬ್ಬಾಕಿ ಬರ್ತಾಳಲ್ರಿ, ಆ ಜಾಗಾಕ್ಕ. ಅದನ್ನ ಇವರಿಗೆ ಹೇಳ್ಲಿಲ್ಲೇನ್ರಿ?"

ಸುಶೀಲವ್ವ ಬಟ್ಟಲನ್ನೇ ನೋಡುತ್ತಿದ್ದಳು.

ಹತ್ತಿ ರಾಶಿ ಬಿದ್ದಿದ್ದರಿಂದ ಹಬ್ಬದ ದಿನವೂ ಜಿನ್ನು ನಡೆದಿತ್ತು. ಭೋಂಗಾ ಕೂಗಿತು. ಮಾದೇವಿಯ ಪಾದಗಳು ತಾವಾಗಿಯೇ ಹೊರಬಾಗಿಲ ಕಡೆಗೆ ತಿರುಗಿದವು, ಮತ್ತೆ ನಿಂತವು. ಕಿಟಕಿಯ ಹೊರಗೆ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ಜಿನ್ನಿನ ಕಡೆಗೆ ಹೋಗುತ್ತಿದ್ದರು. ಅವರ ಹಿಂದೆ, ಮಾದೇವಿಯ ಹಳೆಯ ಲಂಗವನ್ನು ಸೊಂಟಕ್ಕೆ ಮಡಚಿ ಕಟ್ಟಿಕೊಂಡ ಒಬ್ಬ ಸಣ್ಣ ಹುಡುಗಿ ಓಡುತ್ತಿದ್ದಳು.

ಒಳಗಿನಿಂದ ಸರೋಜವ್ವ ಕರೆದಳು. ಮಾದೇವಿ ಖಾಲಿ ತಾಟನ್ನು ಎದೆಗೆ ಅವಚಿಕೊಂಡು ಕಿಟಕಿಯ ಹತ್ತಿರವೇ ನಿಂತಿದ್ದಳು. ತಾಟಿನ ಅಂಚಿನ ಮೇಲೆ ಅವಳ ಹತ್ತೂ ಬೆರಳುಗಳು ಕಾಣುತ್ತಿದ್ದವು.